ಮೊಣಕಾಲು ನೋವು: ಸ್ಕ್ಯಾನ್ ಯಾವಾಗ, ದುರ್ಬೀನು ಯಾವಾಗ

ನಾನು ಗಂಗಾವತಿಯಲ್ಲಿ ಮೂಳೆ ಡಾಕ್ಟರ್. ಬರುವವರಲ್ಲಿ ಮೊಣಕಾಲಿನವರೇ ಜಾಸ್ತಿ. ವರ್ಷಾನುಗಟ್ಟಲೆ ಭತ್ತ ನಾಟಿ ಮಾಡಿದ ಹೆಂಗಸರು, ಕಬಡ್ಡಿಯಲ್ಲಿ ಕಾಲು ತಿರುಚಿಕೊಂಡ ಹುಡುಗರು, ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದ ಮೇಲೆ ಚಿಪ್ಪಿನ ಹಿಂದೆ ನೋವು ಶುರುವಾದವರು. ಈಚೆಗೆ ತುಂಬ ಜನ ಎಂಆರ್‌ಐ ಫಿಲ್ಮ್ ಹಿಡಿದುಕೊಂಡೇ ಬರುತ್ತಾರೆ. "ಒಳಗಿನ ಗಾದಿ ಹರಿದಿದೆಯಂತೆ ಸರ್, ದುರ್ಬೀನು ಹಾಕಿ ನೋಡಿಬಿಡಿ" ಅನ್ನುತ್ತಾರೆ. ದುರ್ಬೀನು ಅಂದರೆ ಸಣ್ಣ ತೂತಿನಿಂದ ಕೀಲಿನೊಳಗೆ ನಳಿಕೆ ಹಾಕಿ ನೋಡುವುದು. ನಾನು ಫಿಲ್ಮ್ ಪಕ್ಕಕ್ಕಿಟ್ಟು ಮೊದಲು ಕಾಲು ಮುಟ್ಟಿ ನೋಡುತ್ತೇನೆ.

ಊತ ಯಾವಾಗ ಬಂತು ಅಂತ ಕೇಳುವುದು ನನಗೆ ತುಂಬ ಮುಖ್ಯ. ಬಿದ್ದು ಒಂದೆರಡು ಗಂಟೆಯಲ್ಲೇ ಮೊಣಕಾಲು ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಎಂದು ಅನುಮಾನ. ಆಡುವ ಹುಡುಗರಲ್ಲಿ ಅದು ಹೆಚ್ಚಾಗಿ ಎಸಿಎಲ್, ಅಂದರೆ ತೊಡೆ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಕೀಲಿನೊಳಗಿರುವ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ, ಹರಿದ ಗುರುತು. ಮಾರನೇ ದಿನ ನಿಧಾನಕ್ಕೆ ಊದಿದ್ದರೆ ಮೆನಿಸ್ಕಸ್, ಅಂದರೆ ಜನ ಹೇಳುವ ಆ ಒಳಗಿನ ಗಾದಿ, ಅದರ ಕಡೆ ಗಮನ ಹೋಗುತ್ತದೆ. ಆಮೇಲೆ ಲಾಕ್‌ಮನ್ ಪರೀಕ್ಷೆ. ಮೊಣಕಾಲನ್ನು 20ರಿಂದ 30 ಡಿಗ್ರಿ ಬಗ್ಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುವುದು. ಲಿಗಮೆಂಟ್ ಸರಿಯಿದ್ದರೆ ಎಳೆತ ಗಟ್ಟಿಯಾಗಿ ನಿಲ್ಲುತ್ತದೆ. ಹರಿದಿದ್ದರೆ ಸುಮ್ನೆ ಜಾರುತ್ತದೆ. ಹೊಸ ಪೆಟ್ಟಿನಲ್ಲಿ ಜನ ನೋವಿಗೆ ಸ್ನಾಯು ಬಿಗಿ ಹಿಡಿಯುತ್ತಾರೆ, ಆಗ ಏನೂ ತಿಳಿಯುವುದಿಲ್ಲ. ಊತ ಇಳಿದ ಮೇಲೆ ಮತ್ತೆ ಕರೆಸಿ ನೋಡುತ್ತೇನೆ.

ಐವತ್ತು ದಾಟಿದವರಿಗೆ ನಿಂತುಕೊಂಡೇ ತೆಗೆದ ಎಕ್ಸ್‌ರೇ ಬೇಕು. ಮಲಗಿಸಿ ತೆಗೆದರೆ ಸವೆತ ಕಮ್ಮಿ ಕಾಣುತ್ತದೆ. ಸಂದು ಚೆನ್ನಾಗಿ ಸವೆದಿರುವುದು ಅದರಲ್ಲೇ ಕಂಡರೆ ಎಂಆರ್‌ಐಗೆ ದುಡ್ಡು ಸುರಿಯಬೇಡಿ ಎಂದು ನೇರವಾಗಿ ಹೇಳುತ್ತೇನೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಮೊಣಕಾಲು ಸ್ಕ್ಯಾನ್ ಮಾಡಿದ ಅಧ್ಯಯನ 2008ರಲ್ಲಿ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮೊಣಕಾಲು ನೋವೇ ಇರಲಿಲ್ಲ! ರಿಪೋರ್ಟಿನಲ್ಲಿ 'ಹರಿದಿದೆ' ಎಂದು ಓದಿ ಹೆದರಿದವರಿಗೆಲ್ಲ ನಾನು ಇದನ್ನು ಹೇಳುತ್ತೇನೆ.

ಹಾಗಂತ ಎಂಆರ್‌ಐ ಬೇಡ ಅನ್ನುವವನಲ್ಲ. ವಯಸ್ಸು ಚಿಕ್ಕದು, ಪೆಟ್ಟು ದೊಡ್ಡದು, ಕೈಗೆ ಸಿಕ್ಕ ಗುರುತು ಅರ್ಧಂಬರ್ಧ ಅಂತಿದ್ದರೆ ನಾನೇ ಬರೆದುಕೊಡುತ್ತೇನೆ. ಎಸಿಎಲ್ ಮತ್ತು ಒಳಬದಿಯ ಮೆನಿಸ್ಕಸ್ ವಿಷಯದಲ್ಲಿ ಅದು ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳುತ್ತದೆ. ಹೊರಬದಿಯ ಮೆನಿಸ್ಕಸ್ ಹರಿದದ್ದು, ಕಾರ್ಟಿಲೇಜಿನ (ಮೂಳೆ ತುದಿಯ ನುಣುಪು ಹೊದಿಕೆಯ) ಸಣ್ಣ ಗಾಯ ಕೆಲವೊಮ್ಮೆ ತಪ್ಪಿಹೋಗುತ್ತವೆ. ತೋರಣಗಲ್ಲಿನ ಕಡೆಯಿಂದ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರು ಬಂದರೆ ಕಣ್ಣಿಗೆ ಯಾವಾಗಲಾದರೂ ಕಬ್ಬಿಣದ ಚೂರು ಹೊಡೆದಿತ್ತಾ ಅಂತ ತಪ್ಪದೆ ಕೇಳುತ್ತೇನೆ. ಹೌದು ಅಂದರೆ ಮೊದಲು ಕಣ್ಣಿನ ಎಕ್ಸ್‌ರೇ. ಒಳಗೆ ಉಳಿದ ಚೂರನ್ನು ಎಂಆರ್‌ಐ ಯಂತ್ರದ ಮ್ಯಾಗ್ನೆಟ್ ಎಳೆದರೆ ದೃಷ್ಟಿಯೇ ಹೋಗಬಹುದು.

ಇನ್ನು ದುರ್ಬೀನು, ಅಂದರೆ ಆರ್ಥ್ರೋಸ್ಕೋಪಿ. 1918ರಲ್ಲಿ ಜಪಾನಿನ ಕೆಂಜಿ ತಕಾಗಿ ಮೂತ್ರಕೋಶ ನೋಡುವ ನಳಿಕೆಯನ್ನೇ ಶವದ ಮೊಣಕಾಲಿಗೆ ಹಾಕಿ ನೋಡಿದರು. ಎಂಆರ್‌ಐ ಬರುವ ಮುಂಚೆ ಒಳಗೇನಾಗಿದೆ ಎಂದು ತಿಳಿಯಲು ಎಷ್ಟೋ ಸಲ ಇದೇ ದಾರಿಯಾಗಿತ್ತು. ಸ್ಕ್ಯಾನಿಗೆ ಇಲ್ಲದ ಒಂದು ಶಕ್ತಿ ಇದಕ್ಕಿದೆ. ಸಣ್ಣ ಕೊಕ್ಕೆಯಿಂದ ಕಾರ್ಟಿಲೇಜನ್ನು ಒತ್ತಿ, ಮೆನಿಸ್ಕಸ್ ಎತ್ತಿ ನೋಡಬಹುದು. ಆದರೂ ಅದು ಆಪರೇಷನ್ನೇ. ಬೆನ್ನಿಗೆ ಅರಿವಳಿಕೆ, ಎರಡು ತೂತು, ಒಳಗೆ ಸಲೈನ್. ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವು ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನಲಾಗದು. ಸವೆದ ಮೊಣಕಾಲನ್ನು ದುರ್ಬೀನಿನಿಂದ ತೊಳೆದರೆ ನೋವು ಹೋಗುತ್ತದೆ ಎಂಬ ನಂಬಿಕೆಯನ್ನು ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದಿದ್ದರು. ಎರಡು ವರ್ಷ ನೋಡಿದರೂ ತೊಳೆಸಿಕೊಂಡವರು ಇವರಿಗಿಂತ ಮೇಲಾಗಿರಲಿಲ್ಲ. 2002ರಲ್ಲಿ ಪ್ರಕಟವಾದ ಫಲಿತಾಂಶ ಇದು. ಇಪ್ಪತ್ತು ವರ್ಷ ದಾಟಿದರೂ 'ತೊಳೆದುಬಿಡಿ' ಎಂದು ಕೇಳುವವರು ಬರುತ್ತಲೇ ಇದ್ದಾರೆ. ಸುಮ್ನೆ ನೋಡುವುದಕ್ಕೆ, ತೊಳೆಯುವುದಕ್ಕೆ ನಾನು ದುರ್ಬೀನು ಹಾಕುವುದಿಲ್ಲ.

ಆದರೆ ಒಂದು ಕಡೆ ಕಾಯಿಲೆ ಪತ್ತೆಗೇ ಅದನ್ನು ಕೈಗೆತ್ತಿಕೊಳ್ಳುತ್ತೇನೆ. ಒಂದೇ ಮೊಣಕಾಲು ತಿಂಗಳುಗಟ್ಟಲೆ ಊದಿಕೊಂಡಿದೆ, ತೊಡೆ ಸೊರಗಿದೆ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ ಅಂದರೆ ಟಿಬಿ ಇರಬಹುದು. ಎಂಆರ್‌ಐಯಲ್ಲಿ ಕೀಲಿನ ಒಳಪದರ ದಪ್ಪಗಾಗಿರುವುದು ಕಾಣುತ್ತದೆ, ಆದರೆ ಅದು ಟಿಬಿಯೋ ಬೇರೆ ವಾತವೋ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಮೊದಲು ಸೂಜಿಯಿಂದ ನೀರು ತೆಗೆದು ಕಳಿಸುತ್ತೇನೆ. ಅದರಲ್ಲೂ ತಿಳಿಯದಿದ್ದರೆ ದುರ್ಬೀನಿನಲ್ಲಿ ಕಣ್ಣಾರೆ ನೋಡಿ, ಕೆಟ್ಟಂತೆ ಕಂಡ ಜಾಗದಿಂದಲೇ ಚೂರು ತೆಗೆದು ಪೆಥಾಲಜಿಗೂ, ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೂ ಕಳಿಸುತ್ತೇನೆ. ಟಿಬಿ ಎಂದು ಬಂದರೆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೀಲಿನ ಟಿಬಿಗೆ ಸಾಮಾನ್ಯವಾಗಿ 12 ತಿಂಗಳು ನುಂಗಬೇಕು. ಊತ ಇಳಿದ ಕೂಡಲೇ ನಿಲ್ಲಿಸಬೇಡಿ ಎಂದು ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ.