ಮೆಕ್ಕೆಜೋಳದಿಂದ ಶುರು ಮಾಡಿದೆ: ನಮ್ಮ ಮಾಳಿಗೆ ಮೇಲಿನ ಸೈ-ಫೈ ಸಿನಿಮಾಗಳು

ಹೋದ ತಿಂಗಳು ನಮ್ಮ ಮಾಳಿಗೆ ಮೇಲೆ 1968ರ '2001: ಎ ಸ್ಪೇಸ್ ಒಡಿಸ್ಸಿ' ಹಾಕಿದೆ. 26 ಜನ ಬಂದಿದ್ದರು. ನಡುವೆ ಎದ್ದು ಹೋದವರು 3 ಜನ ಮಾತ್ರ, ಅದರಲ್ಲೂ ಒಬ್ಬರಿಗೆ ರಾತ್ರಿ ಪಾಳಿ ಇತ್ತು. ಶುರುವಿನ 25 ನಿಮಿಷ ಒಂದು ಮಾತೂ ಇಲ್ಲದ ಸಿನಿಮಾ ಅದು. 'ದಾವಣಗೆರೆಯಲ್ಲಿ ಇದನ್ನ ಯಾರು ನೋಡ್ತಾರಪಾ' ಅಂತ ನನಗೆ ನಾಲ್ಕು ವರ್ಷ ಹೇಳಿದವರೇ ಅವತ್ತು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೇಗೆ ಆಯ್ತು ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಡಿಟಿಪಿ ಕೆಲಸದವನು. ಬೆಳಗ್ಗೆಯಿಂದ ಸಂಜೆ ತನಕ ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್. ಸೈ-ಫೈ, ಅಂದರೆ ವಿಜ್ಞಾನ ಕಲ್ಪನೆಯ ಸಿನಿಮಾಗಳ ಹುಚ್ಚು ಹೈಸ್ಕೂಲಿನಿಂದ ಇದೆ. ಕನ್ನಡಕ್ಕೆ ಡಬ್ಬಿಂಗ್ ದಶಕಗಳ ಕಾಲ ಬರಲೇ ಇಲ್ಲ, ನಿಮಗೆ ಗೊತ್ತಿರೋದೇ. ಹಾಗಾಗಿ ನಮ್ಮ ಕಡೆಯವರು ಇಂಥ ಸಿನಿಮಾ ಅಂದರೆ ಹಿಂದಿಯಲ್ಲೋ ತೆಲುಗಿನಲ್ಲೋ ಅರ್ಧ ತಿಳಿದುಕೊಂಡು, ಬರೀ ಸ್ಫೋಟ ನೋಡಿ ಬರುತ್ತಿದ್ದರು. ಸೈ-ಫೈ ಅಂದರೆ ಗ್ರಾಫಿಕ್ಸ್ ಅನ್ನೋ ತಪ್ಪು ತಿಳಿವಳಿಕೆ ಬಂದಿದ್ದೇ ಹಾಗೆ. ಮಾತು ತಿಳಿದರೆ ನಮ್ಮ ಜನ ನೋಡೇ ನೋಡುತ್ತಾರೆ ಅನ್ನೋದು ನನ್ನ ಹಟವಾಗಿತ್ತು.

ಮೊದಲು ಮಾಡಿದ್ದು ಮೈಕ್ ಹಿಡಿದು ಕಥೆ ಹೇಳುವ ಕೆಲಸ. ಹರಿಕಥೆ ಕೇಳಿದ ಊರು, ಕಂಪನಿ ನಾಟಕ ಕಂಡ ಊರು, ಧ್ವನಿ ಇದ್ದರೆ ಸಾಕು ಅಂದುಕೊಂಡಿದ್ದೆ. ಪೂರ್ತಿ ಸೋತೆ. ಪರದೆ ಮೇಲಿನವರು ಮಾತಾಡುವಾಗ ನಾನೂ ಮಾತಾಡಿದರೆ ಎರಡೂ ಕೇಳುವುದಿಲ್ಲ. ಅವರು ಸುಮ್ಮನಿದ್ದಾಗ ಮಾತಾಡಿದರೆ ಆ ಮೌನವೇ ಸತ್ತುಹೋಗುತ್ತದೆ. 'ಬ್ಲೇಡ್ ರನ್ನರ್'ಗೂ ಇದೇ ಆಗಿತ್ತು. 1982ರಲ್ಲಿ ಜನಕ್ಕೆ ಅರ್ಥವಾಗಲ್ಲ ಅಂತ ನಾಯಕನ ಕೈಲಿ ವಿವರಣೆ ಹೇಳಿಸಿದರು, 1992ರ ಆವೃತ್ತಿಯಲ್ಲಿ ಅದನ್ನು ಕಿತ್ತು ಹಾಕಿದರು. ಕಿತ್ತ ಮೇಲೇ ಆ ಸಿನಿಮಾಕ್ಕೆ ಉಸಿರು ಬಂದಿದ್ದು. ಎರಡನ್ನೂ ಒಂದೇ ವಾರದಲ್ಲಿ ನೋಡಿದೆ, ಮೈಕ್ ಮಾರಿಬಿಟ್ಟೆ. 2,800ಕ್ಕೆ ತಂದಿದ್ದು 900ಕ್ಕೆ ಹೋಯಿತು.

ಆಮೇಲೆ ಸಬ್‌ಟೈಟಲ್. ನನ್ನ ಬೆರಳಿಗೆ ಕನ್ನಡ ಟೈಪಿಂಗ್‌ನ 'ನುಡಿ' ತಂತ್ರಾಂಶ ಹತ್ತಿದೆ, ಅದರಲ್ಲೇ ಸಾವಿರದ ಐನೂರು ಸಾಲು ಹೊಡೆದೆ. ಹಾಕಿ ನೋಡಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರದ ಕಸ. ಹಳೆ ಫಾಂಟ್‌ನಲ್ಲಿ ಹೊಡೆದಿದ್ದನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸಬೇಕು ಅಂತ ಗೊತ್ತಿದ್ದೂ ಆ ಅವಸರದಲ್ಲಿ ಮರೆತಿದ್ದೆ. ಬದಲಾಯಿಸಿದೆ. ಈಗ ಟಿವಿಯ ಪ್ಲೇಯರ್ ಒತ್ತಕ್ಷರ ಬಿಡಿಬಿಡಿಯಾಗಿ ತೋರಿಸಿತು, 'ರಾಷ್ಟ್ರ' ಅನ್ನೋದು ನಾಲ್ಕು ತುಂಡು. ಕಡೆಗೆ ಲ್ಯಾಪ್‌ಟಾಪ್‌ನಿಂದಲೇ ಹಾಕೋದು ಅಂತ ಮಾಡಿಕೊಂಡೆ. ಅಷ್ಟಾದರೂ ಒಂದು ಡಿಸ್ಕ್‌ನಲ್ಲಿ ಮಾತು ಮುಂದೆ, ಅಕ್ಷರ ಹಿಂದೆ. ಅದು ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಚಿತ್ರ ಓಡಿಸುವ ಡಿಸ್ಕ್. 24ರಲ್ಲಿ ತೆಗೆದ ಸಿನಿಮಾ 25ರಲ್ಲಿ ಓಡಿದರೆ ಎರಡು ತಾಸಿನ ಕೊನೆಗೆ ಹತ್ತಿರ ಹತ್ತಿರ 5 ನಿಮಿಷ ತಪ್ಪುತ್ತದೆ. ಇದು ತಿಳಿಯೋಕೆ ಮೂರು ಭಾನುವಾರ ಹೋದವು.

ಇಷ್ಟೆಲ್ಲ ಸರಿಯಾದ ಮೇಲೂ ಜನ ಎದ್ದು ಹೋದರು. ತಪ್ಪು ನನ್ನ ಕನ್ನಡದ್ದು. 'ಕಾಲದ ಹಿಗ್ಗುವಿಕೆ', 'ಗುರುತ್ವ ವೈಪರೀತ್ಯ' ಅಂತೆಲ್ಲ ಬರೆದಿದ್ದೆ. ಪಠ್ಯಪುಸ್ತಕ ಓದಿದ ಹಾಗಿತ್ತು. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಮುಂದಿನದು ಬಂದುಬಿಡುತ್ತಿತ್ತು.

ಎಲ್ಲ ಅಳಿಸಿ ಮತ್ತೆ ಶುರು ಮಾಡಿದ್ದು 2014ರ 'ಇಂಟರ್‌ಸ್ಟೆಲ್ಲರ್'ನಿಂದ. ಯಾಕೆ ಅದೇ ಅಂದರೆ ಮೆಕ್ಕೆಜೋಳ. ಬೆಳೆಗೆ ರೋಗ ಬಂದು ಒಂದೊಂದೇ ನಾಶವಾಗಿ, ಕೊನೆಗೆ ಮೆಕ್ಕೆಜೋಳ ಒಂದೇ ಉಳಿದ ಭೂಮಿ. ಬೆಂಡೆಕಾಯಿಯ ಕೊನೆ ಬೆಳೆ ಸುಟ್ಟರಂತೆ ಅನ್ನೋ ಮಾತೂ ಬರುತ್ತದೆ. ನಮ್ಮ ಜಿಲ್ಲೆಯ ಹೊಲದ ತುಂಬ ಇರುವುದು ಅದೇ ಮೆಕ್ಕೆಜೋಳ ಅಲ್ವಾ? ಸಿನಿಮಾದವರು ಕೆನಡಾದಲ್ಲಿ 500 ಎಕರೆ ನಿಜವಾಗಿಯೂ ಬಿತ್ತಿ ಬೆಳೆದರು ಅಂತ ಮೊದಲೇ ಹೇಳಿದೆ. ಹಿರಿಯರು ತೆನೆ ನೋಡಿ, ಸಾಲಿನ ಅಂತರ ನೋಡಿ ಮಾತಾಡೋಕೆ ಶುರು ಮಾಡಿದರು. ಪಿಕಪ್ ಗಾಡಿ ಹೊಲಕ್ಕೆ ನುಗ್ಗಿದಾಗ ನಮ್ಮ ದೊಡ್ಡಪ್ಪ 'ಅಯ್ಯೋ ಬೆಳೆ ಹಾಳಾತಲ್ಲೋ' ಅಂತ ಕೂಗಿದರು. ಅಲ್ಲಿಂದ ರಾಕೆಟ್ ಹತ್ತಿಸೋದು ಕಷ್ಟವಾಗಲಿಲ್ಲ.

ಕಾಲ ನಿಧಾನವಾಗಿ ಓಡುವ ಆ ನೀರಿನ ಗ್ರಹದ ಲೆಕ್ಕಕ್ಕೆ ಈಗ ನಾನು ಬರೆದ ಸಾಲು ಇಷ್ಟೇ: 'ಅಲ್ಲಿ ಒಂದು ತಾಸು, ಇಲ್ಲಿ ಏಳು ವರ್ಷ.' ಯಾರೂ ಏನೂ ಕೇಳಲಿಲ್ಲ. ಆ ಗ್ರಹದಿಂದ ನೌಕೆಗೆ ವಾಪಸ್ ಬಂದು, ಮನೆಯಿಂದ ಬಂದ 23 ವರ್ಷದ ವಿಡಿಯೊ ಸಂದೇಶಗಳನ್ನು ನಾಯಕ ಒಂದೊಂದಾಗಿ ನೋಡುವಾಗ, ಮಗ ಬೆಂಗಳೂರಿನಲ್ಲಿರುವ ಪಕ್ಕದ ಮನೆ ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಇಂಟರ್‌ವಲ್ ಬಿಟ್ಟಿದ್ದು ಆ ದೃಶ್ಯದ ನಂತರ. ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಅಲ್ಲಿದೆ. ಕೊನೆಯಲ್ಲಿ ಬರುವ ಪುಸ್ತಕದ ಕಪಾಟಿನ ಭಾಗ ಅದರ ಅರ್ಧದಷ್ಟೂ ಮುಟ್ಟುವುದಿಲ್ಲ.

ಆದರೆ ನನಗೆ ಗಟ್ಟಿ ಗೆಲುವು ಕೊಟ್ಟಿದ್ದು 2016ರ 'ಅರೈವಲ್'. ಈ ಶತಮಾನದ ಅತ್ಯುತ್ತಮ ಸೈ-ಫೈ ಅದೇ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅನ್ಯಗ್ರಹದವರು ಒಂದು ಮಾತು ಹೇಳುತ್ತಾರೆ, ಇಂಗ್ಲಿಷ್‌ನಲ್ಲಿ ಅದನ್ನು ವೆಪನ್ ಅಂತ ತಿಳಿಯುತ್ತಾರೆ, ಜಗತ್ತೆಲ್ಲ ಯುದ್ಧಕ್ಕೆ ನಿಲ್ಲುತ್ತದೆ. ಭಾಷಾತಜ್ಞೆ ಮಾತ್ರ, ಅದು ಉಪಕರಣ ಇರಬಹುದು ಅನ್ನುತ್ತಾಳೆ. ನಾನು 'ಆಯುಧ' ಅಂತ ಬರೆದಿದ್ದೆ. ಹಾಗೆ ಬರೆದರೆ ಅವಳ ವಾದಕ್ಕೆ ಜಾಗವೇ ಇಲ್ಲ, ಆಯುಧ ಅಂದರೆ ಆಯುಧವೇ. ಎರಡು ರಾತ್ರಿ ಅದೊಂದೇ ಸಾಲಿಗೆ ಕೂತೆ. ಮೂರನೇ ದಿನ ಅಂಗಡಿಯ ಬಾಗಿಲು ಸರಿಮಾಡಲು ಬಂದ ಆಚಾರ್ರು ನನ್ನ ಹುಡುಗನಿಗೆ 'ಆ ಹತ್ಯಾರದ ಚೀಲ ಇತ್ಲಾಗ್ ಕೊಡು' ಅಂದರು. ಮುಗೀತು! ಹತ್ಯಾರ. ಬಡಗಿಯ ಉಳಿಯೂ ಹತ್ಯಾರ, ಹೊಡೆದಾಟಕ್ಕೆ ಹಿಡಿಯುವ ಮಚ್ಚೂ ಹತ್ಯಾರ. ಇಂಗ್ಲಿಷ್‌ನಲ್ಲಿ ಎರಡು ಪದ ಬೇಕಾಗಿದ್ದಕ್ಕೆ ನಮ್ಮಲ್ಲಿ ಒಂದೇ ಸಾಕು. ಆಚಾರ್ರನ್ನೇ ಸಿನಿಮಾಕ್ಕೆ ಕರೆದೆ. ಆ ಸಾಲು ಬಂದ ತಕ್ಷಣ, ಪರದೆ ಮೇಲಿನ ಭಾಷಾತಜ್ಞೆಗಿಂತ ಮೊದಲೇ, 'ನನ್ನ ಉಳಿನೂ ಹತ್ಯಾರನೇ ಅಲ್ಲೇನಪಾ, ಯಾಕ್ ಹೆದರ್ತಾರಿವರು' ಅಂದರು.

ಅದೇ ಸಿನಿಮಾದಲ್ಲಿ ಮಗಳ ದೃಶ್ಯಗಳಿವೆಯಲ್ಲ, ನೆನಪು ಅಂದುಕೊಂಡಿದ್ದು ಮುಂದೆ ಆಗುವುದು ಅಂತ ತಿರುಗುವುದು. ಅಲ್ಲಿ ಸಾಧ್ಯವಾದಲ್ಲೆಲ್ಲ 'ಬರ್ತೀಯ, ನಗ್ತೀಯ' ಅಂತ ಬರೆದೆ. ಕನ್ನಡದಲ್ಲಿ ಅದು ಈಗಿನದೂ ಹೌದು, ನಾಳೆಯದೂ ಹೌದು. ನಮ್ಮ ಕ್ರಿಯಾಪದವೇ ಗುಟ್ಟು ಕಾಪಾಡಿತು. ಇನ್ನೂ ಎರಡು ಕಡೆ ಇಂಥದ್ದೇ ಒಂದು ಕೆಲಸ ಮಾಡಿದ್ದೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬಂದು ನೋಡಿದವರಿಗೆ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ ನೆನಪಿನಲ್ಲಿ ಇದ್ದಷ್ಟು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ 17,000 ಇರಬೇಕು. ಆರು ತಿಂಗಳಿಗೆ ದೀಪ ಹೋಯಿತು, ಮತ್ತೆ 5,000. ಪರದೆಗೆ ಮೊದಲು ಅಂಗಡಿಯ ಫ್ಲೆಕ್ಸ್ ತಿರುಗಿಸಿ ಕಟ್ಟಿದೆ, ನಡುವೆ ಬೆಳಕಿನ ಬೊಟ್ಟು ಹೊಳೆಯಿತು. ಬಿಳಿ ಹತ್ತಿ ಬಟ್ಟೆ ಎರಡು ಪದರ ಹೊಲಿಸಿ, ಹಿಂದೆ ಕಪ್ಪು ಬಟ್ಟೆ ಕಟ್ಟಿದ ಮೇಲೆ ಅಂತರಿಕ್ಷ ಕಪ್ಪಗೆ ಕಂಡಿತು. ಅದಕ್ಕೆ ಹೊಲಿಗೆ ಸೇರಿ 1,100. ಅಕ್ಷರಕ್ಕೆ ಹಳದಿ ಬಣ್ಣ, ಸುತ್ತ ಕಪ್ಪು ಗೆರೆ. ಅದು ಫ್ಲೆಕ್ಸ್ ಕೆಲಸದಿಂದ ಕಲಿತಿದ್ದು. ಟಿಕೆಟ್ ಇಲ್ಲ, ಮನೆಯವರು, ಗೆಳೆಯರು, ಓಣಿಯವರು ಅಷ್ಟೇ. ಮಂಡಕ್ಕಿ ಮಿರ್ಚಿ ನಮ್ಮ ಖರ್ಚು. ಮಂಡಕ್ಕಿಯನ್ನು ಇಂಟರ್‌ವಲ್‌ನಲ್ಲಿ ಮಾತ್ರ ಕೊಡಿ. 20 ಜನ ಒಟ್ಟಿಗೆ ಖಾರ ಮಂಡಕ್ಕಿ ಅಗಿದರೆ 'ಗ್ರಾವಿಟಿ' ಸಿನಿಮಾದ ಮೌನ ಉಳಿಯುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಚಳ್ಳಕೆರೆ ಕಡೆ ಗೆಳೆಯನ ತೋಟದ ಮನೆಯ ಸುಣ್ಣದ ಗೋಡೆ ಮೇಲೆ 'ದ ಮಾರ್ಷಿಯನ್' ಹಾಕಿದೆ. ಅಲ್ಲಿನ ಹುಡುಗರಿಗೆ ಇಸ್ರೊ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 2023ರ ಏಪ್ರಿಲ್ 2ರಂದು ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರ್‌ನಿಂದ ಬಿಟ್ಟು ರನ್‌ವೇಗೆ ಇಳಿಸಿದ್ದು ಅವರ ಜಿಲ್ಲೆಯಲ್ಲೇ. ಸಿನಿಮಾದ ನಾಯಕ ಮಂಗಳದಲ್ಲಿ ಆಲೂಗಡ್ಡೆ ಬೆಳೆಯುವುದನ್ನು ನೋಡಿ, ಹನಿ ನೀರಾವರಿ ಯಾಕೆ ಮಾಡಲಿಲ್ಲ ಅಂತ ಒಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಸೀರಿಯಲ್‌ಗಳಲ್ಲಿ 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್'ನ 1991ರ 'ಡಾರ್ಮಾಕ್' ಕಂತು ತೋರಿಸಿದೆ. ಹಳೆ ಕಥೆಗಳ ಹೆಸರು ಹೇಳಿಯೇ ಮಾತಾಡುವ ಜನ ಅದರಲ್ಲಿ ಬರುತ್ತಾರೆ. ಶಕುನಿ, ಕುಂಭಕರ್ಣ, ಭಗೀರಥ ಪ್ರಯತ್ನ ಅಂತ ದಿನವಿಡೀ ಮಾತಾಡುವ ನಮಗೆ ಅದು ಒಗಟೇ ಅಲ್ಲ. ಹತ್ತು ಕಂತು ಎಳೆಯುವ ಈಗಿನ ಸೀರಿಯಲ್‌ಗಿಂತ ಇಂಥ ಒಂದು ಕಂತು ಸಾಕು.

ಇನ್ನು '2001'. ಅದರಲ್ಲಿ ಮಾತು ಕಡಿಮೆ, ಸಬ್‌ಟೈಟಲ್ ಕೆಲಸ ಒಂದು ವಾರದಲ್ಲಿ ಮುಗಿಯಿತು. ತಲೆ ಕೆಡಿಸಿದ್ದು ಒಂದೇ, ಹ್ಯಾಲ್ ಎಂಬ ಆ ಕಂಪ್ಯೂಟರ್ ಗಗನಯಾತ್ರಿ ಡೇವ್‌ನನ್ನು 'ನೀನು' ಅನ್ನಬೇಕೋ 'ನೀವು' ಅನ್ನಬೇಕೋ. ಇಂಗ್ಲಿಷ್‌ನವರಿಗೆ ಈ ಕಷ್ಟವೇ ಇಲ್ಲ. ಮೊದಲಿಂದ ಕೊನೆ ತನಕ 'ನೀವು' ಅನ್ನಿಸಿದೆ, ಡೇವ್ ಕಡೆಯಿಂದ 'ನೀನು'. ಬಾಗಿಲು ತೆಗೆಯೋಕೆ ಆಗಲ್ಲ ಅಂತ ಅದು ಅಷ್ಟೇ ಮರ್ಯಾದೆಯಿಂದ ಹೇಳಿದಾಗ ಮಾಳಿಗೆ ಮೇಲೆ ಒಬ್ಬರೂ ಕದಲಲಿಲ್ಲ. ಕೊನೆಗೆ ಡೇವ್ ಅದರ ಮಿದುಳನ್ನು ಒಂದೊಂದೇ ತುಂಡಾಗಿ ಕಳಚುವಾಗ ದೊಡ್ಡಪ್ಪ ಮೆಲ್ಲಗೆ 'ಪಾಪ, ಅದು ಬಹುವಚನ ಬಿಡಲೇ ಇಲ್ಲ ನೋಡು' ಅಂದರು.

ನಡೆಯಲ್ಲ ಅಂದಿದ್ದ ಗೆಳೆಯ ಮರುದಿನ ಅಂಗಡಿಗೆ ಬಂದು ಪೆನ್‌ಡ್ರೈವ್ ಮುಂದಿಟ್ಟ. 'ಅರೈವಲ್'ನ ಸಬ್‌ಟೈಟಲ್ ಕೊಟ್ಟೆ. '2001'ರದ್ದು ಕೊಟ್ಟಿಲ್ಲ, ಇನ್ನೂ ಎರಡು ಸಾಲು ತಿದ್ದುವುದಿದೆ.