ಐದು ಸಾವಿರ ಹೆಸರುಗಳ ನಡುವೆ ನನ್ನ ಕೆಲಸ ಹುಡುಕಿದ್ದು

ಒಂದು ಸಂದರ್ಶನದಲ್ಲಿ ನನ್ನ ಪೇಪರ್ ಪಟ್ಟಿಯ ಮೇಲೆ ಬೆರಳಿಟ್ಟು ಒಬ್ಬರು ಕೇಳಿದರು, ‘ಇದರಲ್ಲಿ ನೀವು ಮಾಡಿದ್ದೇನು?’ ಪಟ್ಟಿಯಲ್ಲಿ ಇನ್ನೂರಕ್ಕೂ ಜಾಸ್ತಿ ಪೇಪರ್ ಇದ್ದವು. ಅವರು ತೋರಿಸಿದ್ದನ್ನು ನಾನು ಪೂರ್ತಿ ಓದಿಯೂ ಇರಲಿಲ್ಲ. ಅವತ್ತೇ ರಾತ್ರಿ ಪಟ್ಟಿಯನ್ನು ಬಿಡಿಸಿಕೊಂಡು ಕೂತೆ, ಮುಗಿಯಲು ಎರಡು ತಿಂಗಳು ಹಿಡಿಯಿತು.

ಕಣ ಭೌತಶಾಸ್ತ್ರದ ದೊಡ್ಡ ಪ್ರಯೋಗಗಳಲ್ಲಿ ಲೇಖಕರ ಹೆಸರು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತದೆ. 2015ರಲ್ಲಿ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳು ಸೇರಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಪ್ರಕಟಿಸಿದ ಪೇಪರಿಗೆ 5154 ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು. ಇದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಮ್ಯಾಗ್ನೆಟ್ ನೋಡಿಕೊಂಡವರು, ಯಾವ ಘಟನೆ ಉಳಿಸಬೇಕು ಅಂತ ಆ ಕ್ಷಣದಲ್ಲೇ ಆರಿಸುವ ಟ್ರಿಗರ್ ಬರೆದವರು, ರಾತ್ರಿ ಪಾಳಿ ಕೂತವರು ಇಲ್ಲದೆ ಆ ಫಲಿತಾಂಶವೇ ಇಲ್ಲ. ಆದರೆ ಯಾರು ಏನು ಮಾಡಿದರು ಅಂತ ಆ ಪಟ್ಟಿ ಹೇಳುವುದಿಲ್ಲ, ಅಲ್ವಾ?

ಮೊದಲು ಕಣ ಭೌತಶಾಸ್ತ್ರದ ಪೇಪರುಗಳ ಆನ್‌ಲೈನ್ ಸೂಚಿ ಇನ್‌ಸ್ಪೈರ್‌ನಲ್ಲಿ ನನ್ನ ಪುಟ ಸರಿ ಮಾಡಿಕೊಂಡೆ. ನನ್ನದೇ ಇನಿಷಿಯಲ್ ಇರುವ ಇನ್ನೊಬ್ಬರ ಪೇಪರುಗಳು ಅದರಲ್ಲಿ ಸೇರಿಕೊಂಡಿದ್ದವು. ಸಂಶೋಧಕರಿಗೆ ಆರ್ಕಿಡ್ ಸಂಸ್ಥೆ ಕೊಡುವ 16 ಅಂಕಿಯ ಗುರುತು ಜೋಡಿಸಿದ ಮೇಲೆ ಆ ಗೊಂದಲ ಮುಗಿಯಿತು.

ಕಷ್ಟ ಶುರುವಾದದ್ದು ಆಮೇಲೆ. ಪ್ರಕಟವಾದ ಪೇಪರ್ ಬದಿಗಿಟ್ಟು ಹಳೆಯ ಆಂತರಿಕ ಟಿಪ್ಪಣಿಗಳನ್ನು ತೆಗೆದೆ. ಅವುಗಳಲ್ಲಿ ನಾಲ್ಕೈದು ಹೆಸರು ಮಾತ್ರ ಇರುತ್ತವೆ, ಕೆಲಸ ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಪಾಳಿಯ ದಾಖಲೆ ಮತ್ತು ನಾನು ಬರೆದ ಕೋಡಿನ ಇತಿಹಾಸವನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಹುಡುಕುತ್ತಾ ಹೋದಾಗ ಕಂಡದ್ದು ಏನೆಂದರೆ, ನನ್ನ ಮುಖ್ಯ ಕೆಲಸ ಯಾವ ಪೇಪರಿನ ಶೀರ್ಷಿಕೆಯಲ್ಲೂ ಇಲ್ಲ. ಅದು ಮ್ಯೂಆನ್ (ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ ಕಣ) ಟ್ರಿಗರಿನ ದಕ್ಷತೆ ಅಳೆಯುವುದು. ಝಡ್ ಬೋಸಾನ್ ಎಂಬ ಭಾರದ ಕಣ ಎರಡು ಮ್ಯೂಆನ್‌ಗಳಾಗಿ ಒಡೆಯುವ ಘಟನೆಗಳನ್ನು ಆರಿಸಿಕೊಳ್ಳುತ್ತೇವೆ. ಒಂದು ಮ್ಯೂಆನ್ ಟ್ರಿಗರ್ ಹೊಡೆದದ್ದು ಖಚಿತವಾಗಿದ್ದರೆ, ಇನ್ನೊಂದನ್ನೂ ಟ್ರಿಗರ್ ಹಿಡಿಯಿತೇ ಅಂತ ಎಣಿಸುತ್ತೇವೆ. ಅಷ್ಟೇ, ಆದರೆ ಡಿಟೆಕ್ಟರಿನ ಮೂಲೆ ಮೂಲೆಗೂ ಹಾಗೆ ಎಣಿಸಿ ದಕ್ಷತೆಯ ಕೋಷ್ಟಕ ಮಾಡಬೇಕು. ಆ ಕೋಷ್ಟಕವನ್ನು ಬಳಸಿದ ಪೇಪರುಗಳನ್ನು ಒಂದೊಂದಾಗಿ ಹುಡುಕಿ, ಪ್ರತಿಯೊಂದರ ಕೆಳಗೂ ‘ಇದರಲ್ಲಿ ನನ್ನ ಪಾಲು ಇಷ್ಟು’ ಅಂತ ಎರಡು ಸಾಲು ಬರೆದೆ. ಸುಮ್ನೆ ಹೆಸರು ಮಾತ್ರ ಇರುವ ಪೇಪರುಗಳನ್ನು ಬೇರೆ ತಲೆಬರಹದಡಿ ಹಾಕಿದೆ. ಪಟ್ಟಿ ಚಿಕ್ಕದಾಯಿತು, ಅದಕ್ಕೆ ನನಗೆ ಬೇಸರವಿಲ್ಲ.

ನ್ಯೂಕ್ಲಿಯರ್ ಕಡೆಯ ಕೆಲಸ ಇದಕ್ಕೂ ಮುಂಚಿನದು. ಅಲ್ಲಿ ನಾವು ಐದೇ ಜನ, ಆದ್ದರಿಂದ ಸುಲಭ ಅಂದುಕೊಂಡಿದ್ದೆ. ನ್ಯೂಟ್ರಾನ್ ಹೀರಿಕೊಳ್ಳುವ ಕ್ರಾಸ್ ಸೆಕ್ಷನ್, ಅಂದರೆ ಹೀರಿಕೊಳ್ಳುವ ಸಾಧ್ಯತೆ ಎಷ್ಟು ಅನ್ನುವುದನ್ನು, ಅಳೆದಿದ್ದೆವು. ಹೋಲಿಕೆಗೆ ಚಿನ್ನದ ಹಾಳೆ. ಚಿನ್ನ ನ್ಯೂಟ್ರಾನ್ ಹೀರಿದರೆ ಚಿನ್ನ-198 ಆಗುತ್ತದೆ, ಅದರ ಅರ್ಧಾಯುಷ್ಯ ಸುಮಾರು 2.7 ದಿನ. ಅದು ಬಿಡುವ 412 ಕೆಇವಿ ಶಕ್ತಿಯ ಗಾಮಾ ಕಿರಣವನ್ನು ಜರ್ಮೇನಿಯಂ ಡಿಟೆಕ್ಟರಿನಲ್ಲಿ ಎಣಿಸಿದರೆ ಎಷ್ಟು ನ್ಯೂಟ್ರಾನ್ ಬಿತ್ತು ಅಂತ ಲೆಕ್ಕ ಸಿಗುತ್ತದೆ. ಪೇಪರಿನಲ್ಲಿ ನಾವು ಹಾಕಿದ್ದು ಒಂದು ಗ್ರಾಫ್ ಮಾತ್ರ. ನ್ಯೂಕ್ಲಿಯರ್ ಪ್ರಯೋಗಗಳ ಅಂಕಿಅಂಶ ಸೇರಿಸಿಡುವ ಎಕ್ಸ್‌ಫಾರ್ ತೆರೆದು ನೋಡಿದರೆ, ಆ ಗ್ರಾಫಿನಿಂದಲೇ ಬಿಂದುಗಳನ್ನು ಅಳೆದು ನಮ್ಮ ಸಂಖ್ಯೆಗಳನ್ನು ಹಾಕಿದ್ದರು. ಅದು ಅವರ ತಪ್ಪಲ್ಲ, ಕೋಷ್ಟಕ ಕೊಡದೆ ಹೋದದ್ದು ನಾವು.

ಹಳೆಯ ಡಿಸ್ಕ್ ಹುಡುಕಿ ಕೋಷ್ಟಕ ತೆಗೆದೆ. ಅಷ್ಟು ಸಾಲದು, ಯಾವ ದೋಷ ಎಲ್ಲ ಬಿಂದುಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ, ಯಾವುದು ಒಂದೊಂದಕ್ಕೆ ಬೇರೆ ಅಂತಲೂ ಹೇಳಬೇಕು. ಅದಕ್ಕೆ ಲಾಗ್‌ಬುಕ್ಕೇ ಗತಿ. ಜರ್ಮೇನಿಯಂ ಡಿಟೆಕ್ಟರಿನ ದಕ್ಷತೆಯನ್ನು ಯುರೋಪಿಯಂ-152 ಎಂಬ ವಿಕಿರಣ ಮೂಲದಿಂದ ಅಳೆದಿದ್ದೆ. ಅದು ಒಂದರ ಹಿಂದೆ ಒಂದು ಗಾಮಾ ಬಿಡುತ್ತದೆ, ಮೂಲ ಹತ್ತಿರವಿದ್ದರೆ ಎರಡು ಗಾಮಾ ಸೇರಿ ಒಂದೇ ಪಲ್ಸ್ ಆಗಿಬಿಡುತ್ತವೆ, ಎಣಿಕೆ ತಪ್ಪುತ್ತದೆ. ಎಷ್ಟು ದೂರದಲ್ಲಿ ಇಟ್ಟಿದ್ದೆ, ಎಷ್ಟು ತಿದ್ದಿದ್ದೆ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟ ಪುಟ ಸಿಕ್ಕಾಗ ಆದ ಸಂತೋಷ, ನಿಜ ಹೇಳಬೇಕೆಂದರೆ, ಪೇಪರ್ ಒಪ್ಪಿಗೆಯಾದಾಗಲೂ ಆಗಿರಲಿಲ್ಲ.

ಎಲ್ಲವನ್ನೂ ಟೈಪ್ ಮಾಡಿ ಎಕ್ಸ್‌ಫಾರ್ ಸಂಗ್ರಹಕಾರರಿಗೆ ಕಳುಹಿಸಿದೆ. ಅವರು ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಲಾಗ್‌ಬುಕ್ಕಿನಲ್ಲಿ ಉತ್ತರವಿತ್ತು. ಈಗ ಆ ದಾಖಲೆಯಲ್ಲಿ ಗ್ರಾಫಿನಿಂದ ಅಳೆದ ಸಂಖ್ಯೆಗಳ ಬದಲು ನಾವು ಅಳೆದ ಸಂಖ್ಯೆಗಳೇ ಇವೆ.