ಕೊಡಗಿನ ಆದಿವಾಸಿಗಳೊಡನೆ ಸಾಮರಸ್ಯ: ಎಲ್ಲಿಂದ ಆರಂಭಿಸಬೇಕು?

ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರಿಂದ ಅಗಲಿಸಿ ವಸತಿಶಾಲೆಗಳಲ್ಲಿ ಇರಿಸಿದ ಚರಿತ್ರೆಯನ್ನು ಸತ್ಯ ಮತ್ತು ಸಾಮರಸ್ಯ ಆಯೋಗವು ಅನುಭವಿಸಿದವರ ಬಾಯಿಂದಲೇ ಕೇಳಿ ದಾಖಲಿಸಿತು. 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟಿತು. 2021ರಿಂದ ಸೆಪ್ಟೆಂಬರ್ 30 ಅಲ್ಲಿ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನವಾಗಿದೆ. ಮೊದಲು ಸತ್ಯ, ಆಮೇಲೆ ಸಾಮರಸ್ಯ ಎಂಬ ಆ ಕ್ರಮ ಕೊಡಗಿಗೂ ಸಲ್ಲುತ್ತದೆ. ಆಗಸ್ಟ್ 9ರ ವಿಶ್ವ ಆದಿವಾಸಿ ದಿನದಂದು ಹಾಡಿಯವರನ್ನು (ಹಾಡಿ ಎಂದರೆ ಆದಿವಾಸಿಗಳ ಪುಟ್ಟ ಊರು) ವೇದಿಕೆಯಲ್ಲಿ ಕುಣಿಸಿ, ಶಾಲು ಹೊದಿಸಿ ಕಳುಹಿಸಿದರೆ ಸಾಮರಸ್ಯ ಮೂಡುವುದಿಲ್ಲ.

ಜೇನುಕುರುಬ, ಬೆಟ್ಟಕುರುಬ, ಯರವ, ಕುಡಿಯ ಸಮುದಾಯಗಳ ಚರಿತ್ರೆಯನ್ನು ಬೇರೆಬೇರೆಯಾಗಿಯೇ ಅರಿಯಬೇಕು. ಯರವರು ತಲೆಮಾರುಗಳ ಕಾಲ ಗದ್ದೆಗಳಲ್ಲಿ ಜೀತ ಮಾಡಿದವರು. ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾನೂನು ಬಂದದ್ದು 1976ರಲ್ಲಿ. ನಾಗರಹೊಳೆಯು ಅಭಯಾರಣ್ಯವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿನ ಹಾಡಿಗಳಿಂದ ಹೊರಬಿದ್ದ ಅನೇಕ ಕುಟುಂಬಗಳು ಕಾಫಿ ತೋಟಗಳ ಲೈನ್‌ಮನೆ, ಅಂದರೆ ಆಳುಗಳಿಗೆಂದು ಮಾಲೀಕರು ಕಟ್ಟಿಸಿದ ಸಾಲುಮನೆ, ಸೇರಿದವು. ಸ್ವಂತ ಸೂರು ಬೇಕೆಂದು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡವರನ್ನು 2016ರ ಡಿಸೆಂಬರ್‌ನಲ್ಲಿ ಒಕ್ಕಲೆಬ್ಬಿಸಿದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಮಾತ್ರ ಅದರ ನೋವು ಅರ್ಥವಾಗುತ್ತದೆ.

ಹಾಡಿಗೆ ಹೋಗುವ ಮುನ್ನ ಅಲ್ಲಿನ ಹಿರಿಯರ ಒಪ್ಪಿಗೆ ಪಡೆಯಿರಿ. ಬಿಸ್ಕತ್ತು ಹಂಚಿ ಫೋಟೊ ತೆಗೆಯುವ ಪರಿಪಾಠ ಖಂಡಿತ ಬೇಡ. ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಆದಿವಾಸಿಗಳ ಕುಂಡೆ ಹಬ್ಬಕ್ಕೂ ಅತಿಥಿಯಂತೆ ಹೋಗಬೇಕು: ಗಂಡಸರು ಹೆಣ್ಣುವೇಷ ತೊಟ್ಟು, ಡಬ್ಬ ಬಡಿಯುತ್ತಾ ಬೈಗುಳದ ಹಾಡು ಹೇಳುವುದು ತಮ್ಮನ್ನು ಕಾಡಿನಲ್ಲಿ ಕೈಬಿಟ್ಟು ಹೋದ ದೇವರ ಮೇಲಿನ ಮುನಿಸಿನಿಂದ ಎಂಬ ನಂಬಿಕೆಯಿದೆ, ಅದನ್ನು ತಮಾಷೆಯ ವಿಡಿಯೊ ಮಾಡಿ ಹರಿಬಿಡುವುದು ಅವಮಾನ.

ತೋಟದ ಮಾಲೀಕರ ಹೊಣೆ ಇನ್ನೂ ನೇರವಾದುದು. ಮುಂಗಡ ಕೊಟ್ಟು ಆ ಸಾಲದ ಹೆಸರಿನಲ್ಲಿ ಆಳುಗಳನ್ನು ಕಟ್ಟಿಹಾಕಬಾರದು. ಲೈನ್‌ಮನೆಯಲ್ಲಿರುವವರು ಪಡಿತರ ಚೀಟಿ, ಮತದಾರರ ಪಟ್ಟಿಗಾಗಿ ವಿಳಾಸದ ದಾಖಲೆ ಕೇಳಿದಾಗ ತಡಮಾಡದೆ ಕೊಡಬೇಕು.

ಓದುಬರಹ ಬಲ್ಲವರು ಮಾಡಬಹುದಾದ ದೊಡ್ಡ ಕೆಲಸ, ಕಾಡಿನಲ್ಲಿ ಬಾಳಿಕೊಂಡು ಬಂದವರ ನೆಲದ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಗೆ ಸಂಬಂಧಿಸಿದ್ದು. ಹಕ್ಕು ಕೋರುವ ಅರ್ಜಿ ಮೊದಲು ಗ್ರಾಮಸಭೆಗೆ ಸಲ್ಲುತ್ತದೆ. ಅದಕ್ಕೆ ಪುರಾವೆಯಾಗಿ ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ನೆಲೆಗಳು ಮತ್ತು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಹಿರಿಯರು ಒಪ್ಪಿದರೆ ಅವರ ಮಾತನ್ನು ಅವರು ಹೇಳಿದಂತೆಯೇ ಬರೆದು, ಓದಿ ಕೇಳಿಸಿ, ಹೆಬ್ಬೆಟ್ಟು ಪಡೆಯಿರಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು. ಆ ಅವಧಿ ಮೀರದಂತೆ ಜೊತೆಗೆ ನಿಂತು ಅರ್ಜಿ ಬರೆದುಕೊಡಿ.